ಅತ್ತಿಗೆ ಅಳಿಸಿದ ಹಿಸ್ಟರಿ

೩ ಜೂನ್, ಸೋಮವಾರ

ಬೆಳಿಗ್ಗೆ ಮೌಸ್ ಕೀಬೋರ್ಡಿನ ಎಡಗಡೆ ಇತ್ತು. ಈ ಮನೆಯಲ್ಲಿ ಎಡಗೈಯವರು ಅತ್ತಿಗೆ ಒಬ್ಬರೇ. ಕಂಪ್ಯೂಟರ್ ತಮಗೆ ಬರುವುದೇ ಇಲ್ಲ ಅನ್ನುವವರು. ಅಣ್ಣ ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಲಕ್ಕೆ ಸರಿಸಿಟ್ಟೆ. ಯಾಕೆ ಸರಿಸಿದೆನೋ.

ಅಣ್ಣ ಬಂದು ಕೂತ. ಒಂದಕ್ಷರ ಒತ್ತಿದರೆ ತಾನಾಗಿ ಬರುತ್ತಿದ್ದ ಆಫೀಸಿನ ಪುಟ ಬರಲಿಲ್ಲ. ಹಿಸ್ಟರಿ ತೆರೆದ — ಖಾಲಿ.

"ಪುಟ್ಟಿ, ಇದನ್ನ ಅಳಿಸಿದ್ಯಾರು? ನೀನಾ?"

"ಇಲ್ಲ."

"ಹಾಗಾದ್ರೆ ನಿಮ್ಮತ್ತಿಗೆ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಗೊತ್ತಾಗಲ್ವಾ? ವಾಪಸ್ ತೆಗೆದುಕೊಡು. ಎರಡು ವರ್ಷ ಕವಿತೆ ಓದಿ ಕಡಿದು ಕಟ್ಟೆ ಹಾಕಿದ್ದು ಸಾಕು, ಇದೊಂದಕ್ಕಾದ್ರೂ ಉಪಯೋಗಕ್ಕೆ ಬಾ."

ಆಯ್ತು ಅಂದೆ. ನಾನು ಯಾವಾಗಲೂ ಆಯ್ತು ಅನ್ನುವವಳೇ.

೪ ಜೂನ್, ಮಂಗಳವಾರ. ಮಧ್ಯಾಹ್ನ ೩

ಕಂಪ್ಯೂಟರನ್ನು ಹಿಂದಿನ ವಾರಕ್ಕೆ ಮರಳಿಸಿ ನೋಡಿದೆ. ಏನೂ ಬರಲಿಲ್ಲ. ಆಮೇಲೆ ಹೊಳೆಯಿತು... ಎಂ.ಎ. ಪ್ರಬಂಧ ಬರೆಯುವಾಗ ಈ ಕಂಪ್ಯೂಟರಿನಲ್ಲೇ ನನ್ನ ಈಮೇಲ್ ಖಾತೆಗೆ ಲಾಗಿನ್ ಆದವಳು ಹೊರಬಂದೇ ಇಲ್ಲ. ಫೋನ್‌ನಲ್ಲಿ ಖಾತೆ ತೆರೆದೆ. ಎಲ್ಲವೂ ಇತ್ತು. ಅತ್ತಿಗೆ ಹುಡುಕಿದ್ದೆಲ್ಲ, ನನ್ನ ಹೆಸರಿನ ಕೆಳಗೆ.

ಲ್ಯಾಬ್ ಟೆಕ್ನಿಷಿಯನ್ ಕೆಲಸ. ಆರು ವರ್ಷ ಬಿಟ್ಟವರನ್ನು ತಗೋತಾರಾ. ಸರ್ಟಿಫಿಕೇಟ್ ಜೆರಾಕ್ಸ್ ಇದ್ದರೆ ಸಾಕಾ. ಕೆಲಸಕ್ಕೆ ಸೇರಲು ಗಂಡನ ಸಹಿ ಬೇಕಾ. ಗಂಡನ ಸಹಿ ಕಡ್ಡಾಯವಾ. ಗಂಡ ಸಹಿ ಹಾಕದಿದ್ದರೆ...

ಸಹಿಯ ಪ್ರಶ್ನೆಯೊಂದೇ ಏಳು ಬಗೆಯಲ್ಲಿ. ಕೊನೆಗೊಂದು ಆಸ್ಪತ್ರೆಯ ಪುಟ — ಸಂದರ್ಶನ, ಹತ್ತನೇ ತಾರೀಕು, ಸೋಮವಾರ, ಬೆಳಿಗ್ಗೆ ಹನ್ನೊಂದು.

ಅವರ ಸರ್ಟಿಫಿಕೇಟ್ ಅಣ್ಣನ ಬೀರುವಿನಲ್ಲಿದೆ. ಹಿಂದೊಮ್ಮೆ ಕೆಲಸದ ಮಾತೆತ್ತಿದ ದಿನವೇ ಒಳಗಿಟ್ಟು ಬೀಗ ಹಾಕಿದ. ಅವರ ಫೋನನ್ನೂ ದಿನಾ ತೆಗೆದು ನೋಡುತ್ತಾನೆ. ಅದಕ್ಕೇ ಕಂಪ್ಯೂಟರ್ ಹಿಡಿದಿರಬೇಕು. ಇದು ಗೊತ್ತಾದರೆ ಸೋಮವಾರ ಅವರು ಹೊಸಿಲು ದಾಟುವುದಿಲ್ಲ.

ಪಟ್ಟಿ ಪೂರ್ತಿ ಅಳಿಸಿದೆ.

೭ ಜೂನ್, ಶುಕ್ರವಾರ

ಏನೂ ಸಿಗಲಿಲ್ಲ ಅಂದೆ. ಅಣ್ಣ ಕೂಗಾಡಲಿಲ್ಲ. ಅದೇ ಹೆದರಿಕೆ.

"ಬಿಡು. ಭಾನುವಾರ ರಿಪೇರಿಯವರು ಬರ್ತಾರೆ. ಅಳಿಸಿದ್ರೂ ಒಳಗೆ ಡಿಸ್ಕ್‌ನಲ್ಲಿ ಉಳಿದಿರುತ್ತಂತೆ, ಕೆದಕಿ ತೆಗೀತಾರಂತೆ."

ಅತ್ತಿಗೆ ತಟ್ಟೆ ಒರೆಸುತ್ತಿದ್ದರು. ಅವನು ಹೋದಮೇಲೆ ಮೆಲ್ಲಗೆ ಕೇಳಿದರು.

"ಸಿಗುತ್ತಾ ಪುಟ್ಟಿ, ಅದೆಲ್ಲ?"

"ನನಗಂತೂ ಸಿಗಲಿಲ್ಲ ಅತ್ತಿಗೆ."

"ಹೂಂ... ನಿಂಗೆ ಸಿಗಲಿಲ್ಲ." ನನ್ನನ್ನೇ ನೋಡಿದರು. "ನೆಲ ನೋಡ್ಕೊಂಡು ಮಾತಾಡ್ತೀಯಲ್ಲ, ನೆಲದ ಮೇಲೆ ಬರೆದಿದ್ಯೇನೇ?"

ನಕ್ಕರು. ನಗುತ್ತಲೇ ಒರೆಸಿಟ್ಟ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು.

೯ ಜೂನ್, ಭಾನುವಾರ. ಬೆಳಿಗ್ಗೆ ೧೦

ರಿಪೇರಿಯವರು ಬಂದು ಕೂತಿದ್ದಾರೆ. ನನ್ನ ಕೋಣೆಗೆ ಎಲ್ಲ ಕೇಳಿಸುತ್ತದೆ.

"ಅರ್ಧ ಗಂಟೆ ಸಾರ್. ಪಾತಾಳದಲ್ಲಿದ್ರೂ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ."

ಅತ್ತಿಗೆ ನನ್ನ ಮಂಚದ ತುದಿಯಲ್ಲಿ ಕೂತಿದ್ದಾರೆ. ಮಡಿಲಲ್ಲಿ ಮಡಚದ ಬಟ್ಟೆ.

ಖಾತೆ ನನ್ನದು. ಹುಡುಕಿದ್ದು ನಾನೇ ಅನ್ನುತ್ತೇನೆ. ಲ್ಯಾಬ್ ಕೆಲಸ ಯಾರಿಗೆ ಅಂತ ಅಣ್ಣ ಕೇಳಿದರೆ — ನನ್ನ ಗೆಳತಿಗೆ. ನಿನಗೆಲ್ಲಿಯ ಗಂಡ, ಅವನ ಸಹಿ ಯಾಕೆ ಅಂದರೆ — ಎರಡು ತಿಂಗಳಿಂದ ನನಗೆ ಗಂಡು ನೋಡ್ತಿದ್ದೀಯಲ್ಲ ಅಣ್ಣ, ಮದುವೆಗೆ ಮೊದಲೇ ತಿಳ್ಕೊಂಡಿರೋಣ ಅಂತ.

ನಂಬಬೇಕಾಗಿಲ್ಲ. ನಾಳೆ ಹನ್ನೊಂದರ ತನಕ ಅವನ ಸಿಟ್ಟು ನನ್ನ ಮೇಲಿದ್ದರೆ ಸಾಕು.

"ಪುಟ್ಟೀ! ಇಬ್ಬರೂ ಬನ್ನಿ ಇಲ್ಲಿ!"

ಅತ್ತಿಗೆ ಎದ್ದರು. ನೀವು ಕೂತಿರಿ ಅಂದೆ. ನಾನು ಹೋಗುತ್ತಿದ್ದೇನೆ.