ಎರಡನೆಯ ಬೆಳೆಗೆ ಬರುತ್ತೇನೆಂದವಳು

ಕಡಲು ಏರತೊಡಗಿದ ನೂರಾ ನಲವತ್ತೆರಡನೆಯ ವರ್ಷ, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ.
ಡೋಣಿ ದಂಡೆಯ ಹೊಸಗೈ ಶಿಬಿರ.

ನಮಗಿಂತ ಹಿಂದೆ ಬಾಳಿದವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗಲಾರದು. ನಮ್ಮ ವರ್ಷಕ್ಕೆ ಎರಡು ಬೇಸಿಗೆ, ಮಳೆಗೆ ಮುಂಚೆ ಒಂದು, ಮಳೆಯ ಬೆನ್ನಿಗೆ ಇನ್ನೊಂದು. ನಮ್ಮ ಮಾತೂ ನಿಮಗೆ ಒರಟೆನಿಸಬಹುದು. ನೀವು ಬಿಟ್ಟುಹೋದ ಎಷ್ಟೋ ಶಬ್ದಗಳನ್ನು ನಾವು ಬೇರೆ ಕೆಲಸಕ್ಕೆ ಹಚ್ಚಿಕೊಂಡಿದ್ದೇವೆ. ಅರ್ಥವಾಗದ ಕಡೆ ಮನ್ನಿಸಿ ಮುಂದಕ್ಕೆ ಓದಿ. ನನ್ನ ಹೆಸರು ನಿಂಬೆವ್ವ ಕಮತಗಿ. ಮೂವತ್ತು ವರ್ಷದಿಂದ ಮಣ್ಣು ಮುಟ್ಟದವರಿಗೆ ಒಕ್ಕಲುತನ ಕಲಿಸುವುದೇ ನನ್ನ ಕೆಲಸ. ಮೊನ್ನೆ ಶಿಬಿರದ ಹಳೆಯ ಗೋಡೆ ಕೆಡವುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರ ತುಂಬ ನಿಮ್ಮ ಕಾಲದ ಕಾಗದಗಳು. ಹೊಸದಾಗಿ ಬೇಸಾಯಕ್ಕಿಳಿದ ಸಣ್ಣ ರೈತರಿಗೆ ಮೂರು ದಿನದ ತರಬೇತಿ, ಹಾಜರಿ ಹಾಳೆ, ಹೆಬ್ಬೆಟ್ಟಿನ ಗುರುತುಗಳು, ವೇದಿಕೆಯ ಮೇಲೆ ಪ್ರಮಾಣಪತ್ರ ಹಿಡಿದು ನಿಂತವರ ಫೋಟೋ. ಆ ಮುಖಗಳನ್ನು ನೋಡುತ್ತ ಕೂತಾಗ, ಇದನ್ನು ಬರೆಯದೆ ನನಗೆ ಬಿಡುಗಡೆಯಿಲ್ಲವೆನಿಸಿತು.

ನಮ್ಮಲ್ಲಿಗೆ ಬರುವವರನ್ನು ‘ಹೊಸಗೈ’ ಎನ್ನುತ್ತೇವೆ, ಕೃಷಿಗೆ ಕೈ ಹೊಸದು ಎಂಬ ಅರ್ಥದಲ್ಲಿ. ಕರಾವಳಿಯ ಕೊನೆಯ ದಿಬ್ಬಗಳು ಮುಳುಗಿ, ಕಡಲಿನಲ್ಲಿ ಮೀನೂ ಮುಗಿದ ಮೇಲೆ ಅವರು ಘಟ್ಟ ಹತ್ತಿ ಈ ಕರಿಮಣ್ಣಿನ ಬಯಲಿಗೆ ನಡೆದು ಬರುತ್ತಾರೆ. ಎಂಜಿನ್‌ಗಳು ನಿಂತು ಎರಡು ತಲೆಮಾರಾಯಿತು, ಆದ್ದರಿಂದ ಉಳುವುದು ಎತ್ತಿನಿಂದಲೇ. ಹೊತ್ತು ಏರಿದಾಗಿನಿಂದ ಇಳಿಯುವವರೆಗಿನ ಏಳು ತಾಸು ‘ನೆರಳುಗಂಟೆ’. ಆ ಹೊತ್ತಿನಲ್ಲಿ ಯಾರೂ ಬಯಲಿಗೆ ಹೋಗಕೂಡದು, ಹೋದವರ ರಕ್ತ ಕುದಿಯುತ್ತದೆ. ಕೆಲಸವೆಲ್ಲ ಬೆಳಗಿನ ಮೂರು ತಾಸು, ಸಂಜೆಯ ಎರಡು ತಾಸಿನಲ್ಲಿ ಮುಗಿಯಬೇಕು. ಹೊಸಗೈಗಳಿಗೆ ಮೊದಲೆಲ್ಲ ಹತ್ತು ತಿಂಗಳ ಪಾಠವಿತ್ತು. ಪಾಠ ಮುಗಿದ ಮೇಲೆ ಪ್ರತಿ ಏಳು ಮನೆಗೆ ಒಬ್ಬ ‘ಜತೆಗಾರ’ ಹೋಗಿ, ಮೂರು ಬೆಳೆ ಕೈಗೆ ಬರುವವರೆಗೆ ಅವರ ನಡುವೆಯೇ ಇರುತ್ತಿದ್ದ. ಮೊದಲನೆಯ ಬೆಳೆ ಹೊಸ ಮಣ್ಣಿನ ಹುರುಪಿನಿಂದ ಹೇಗೋ ಬಂದುಬಿಡುತ್ತದೆ. ಕಷ್ಟ ಶುರುವಾಗುವುದು ಎರಡನೆಯದರಿಂದ. ಇದು ನಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆವು.

ಏಳು ವರ್ಷದ ಹಿಂದೆ ಒಂದೇ ಮಳೆಗಾಲದಲ್ಲಿ ನಾಲ್ಕು ಸಾವಿರ ಜನ ಘಟ್ಟ ಹತ್ತಿದರು. ಶಿಬಿರದ ಹಿರಿಯನನ್ನು ನಾವು ಮೇಟಿ ಎಂದು ಕರೆಯುತ್ತೇವೆ. ಆಗಿನ ಮೇಟಿ ಪರಪ್ಪ. ಕೆಟ್ಟವನಲ್ಲ, ತನ್ನ ಪಾಲಿನ ಅನ್ನವನ್ನೂ ಬಾಗಿಲಲ್ಲಿ ನಿಂತವರಿಗೆ ಕೊಡುತ್ತಿದ್ದ. ಅವನೇ ಹತ್ತು ತಿಂಗಳ ಪಾಠವನ್ನು ತೊಂಬತ್ತು ದಿನಕ್ಕೆ ಇಳಿಸಿದ. ಜತೆಗಾರರನ್ನೆಲ್ಲ ಹೊಲಗಳಿಂದ ಹಿಂದಕ್ಕೆ ಕರೆಸಿ ಪಾಠಕ್ಕೆ ನಿಲ್ಲಿಸಿದ. ತೊಂಬತ್ತು ದಿನದಲ್ಲಿ ಬಿತ್ತುವುದು, ಕಳೆ ತೆಗೆಯಲು ಎಡೆ ಹೊಡೆಯುವುದು, ಕೊಯ್ಯುವುದು ಹಿಡಿಸಿದವು. ಆರನೆಯ ತಿಂಗಳಿನ ಪಾಠಗಳಾದ ದನದ ರೋಗ, ಮೇವಿನ ನಂಜು, ಬಿತ್ತನೆಯ ಕಾಳು ಕಾಯುವ ಬಗೆ ಬಿಟ್ಟುಹೋದವು. ಯಾವ ಪಾಠ ಬಿಡಬೇಕೆಂದು ಪಟ್ಟಿ ಮಾಡಿಕೊಟ್ಟವಳು ನಾನೇ.

ಆ ತಂಡದಲ್ಲಿ ಜಲಜ ಮೊಗವೀರ ಎಂಬ ಹೆಂಗಸು ಇದ್ದಳು, ಜೊತೆಗೆ ಗಂಡ ಕುಶಲ. ಜಲಜಳಿಗೆ ಇಪ್ಪತ್ತೆಂಟು ವರ್ಷ. ಬಲೆ ಹೆಣೆದು ಹೆಣೆದು ಅವಳ ಬೆರಳಿನ ಸಂದುಗಳೆಲ್ಲ ಗಟ್ಟಿಯಾಗಿದ್ದವು. ಮೊದಲ ದಿನ ಎತ್ತಿನ ಹತ್ತಿರ ಹೋಗಲು ಹೆದರಿ ಗಂಡನ ಬೆನ್ನ ಹಿಂದೆ ನಿಂತಳು. ಇಪ್ಪತ್ತನೆಯ ದಿನಕ್ಕೆ ಅವೇ ಎತ್ತುಗಳು ಅವಳ ದನಿ ಕೇಳಿ ಕಿವಿ ತಿರುಗಿಸುತ್ತಿದ್ದವು. ಬಿತ್ತುವ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವಾಗ ಅವಳ ಮುಷ್ಟಿ ಒಮ್ಮೆಯೂ ತಪ್ಪಲಿಲ್ಲ. ಪಾಠ ಮುಗಿದಾಗ ‘ಕೈಚೀಟಿ’ ಕೊಡುತ್ತೇವೆ. ಇವರ ಕೈ ಪಳಗಿದೆ, ಇವರಿಗೆ ಭೂಮಿ ಕೊಡಬಹುದು ಎಂದು ಕಲಿಸಿದವರು ರುಜು ಹಾಕುವ ಚೀಟಿ ಅದು. ಅವಳ ಚೀಟಿಗೆ ನಾನು ರುಜು ಹಾಕುವಾಗ ಜಲಜ ನನ್ನ ಕೈಯನ್ನೇ ನೋಡುತ್ತಿದ್ದಳು.

“ಅಕ್ಕಾ, ನಂಗ್ ಕಡ್ಲ್ ಗೊತ್ತಿತ್ತ್. ಈ ಮಣ್ಣ್ ಇನ್ನೂ ಗೊತ್ತಾಯ್ಲಿಲ್ಲ. ನೀವ್ ಬತ್ರಿ ಅಲ್ದಾ?” ಎಂದು ಕೇಳಿದಳು.

“ಬರ್ತೀನಿ ತಂಗಿ. ಮೊದಲನೇ ಬೆಳಿ ನೀ ತೆಗೀತೀ. ಎರಡನೇ ಬೆಳಿಗೆ ನಾ ಬಂದ ಬರ್ತೀನಿ,” ಎಂದೆ. ಜತೆಗಾರರನ್ನು ಇನ್ನು ಕಳಿಸುವುದಿಲ್ಲವೆಂದು ಆಗಲೇ ನನಗೆ ತಿಳಿದಿತ್ತು.

ಏಳು ಮನೆಯವರಿಗೆ ಡೋಣಿ ಹೊಳೆಯ ಮೇಲಣ ದಂಡೆಯಲ್ಲಿ ಭೂಮಿ ಕೊಟ್ಟರು. ಶಿಬಿರದಿಂದ ನಾಲ್ಕು ದಿನದ ನಡಿಗೆ. ಏಳೂ ಮನೆಗೆ ಸೇರಿ ಒಂದೇ ಜೋಡಿ ಎತ್ತು, ಅವುಗಳ ಆರೈಕೆ ಜಲಜಳ ಪಾಲಿಗೆ ಬಂತು. ಆ ಹಿಂಗಾರಿ ಜೋಳ ಚೆನ್ನಾಗಿ ಬಂದಿತು. ಊರಿಂದೂರಿಗೆ ಉಪ್ಪು ಹೊತ್ತು ತಿರುಗುವ ಉಪ್ಪಿನವರ ಕೈಯಲ್ಲಿ ಅವಳು ಒಂದು ತೆನೆ ಕಳಿಸಿದ್ದಳು. ಪರಪ್ಪ ಅದನ್ನು ಊಟದ ಚಪ್ಪರದಲ್ಲಿ ಎಲ್ಲರಿಗೂ ಎತ್ತಿ ತೋರಿಸಿದ. ತೊಂಬತ್ತು ದಿನ ಸಾಕೆಂದು ಸಾಬೀತಾಯಿತು ಎಂದು ಎಲ್ಲರೂ ಒಪ್ಪಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ.

ಕೊಯ್ಲಾಗಿ ಒಂದು ತಿಂಗಳಿಗೆ, ಮೊದಲನೆಯ ಬೇಸಿಗೆಯಲ್ಲಿ, ಅಕಾಲದ ಒಂದು ಮಳೆ ಬಿತ್ತು. ಕೊಯ್ದ ಜೋಳದ ಕೂಳೆಯಿಂದ ಹೊಸ ಚಿಗುರು ಒಡೆಯಿತು. ಸುತ್ತ ಬಯಲೆಲ್ಲ ಬೂದಿಯ ಬಣ್ಣ, ಅವರ ಜೋಳದ ಹೊಲಗಳಷ್ಟೇ ಗೇಣುದ್ದ ಹಸಿರು. ಜೋಳದ ಒಣ ಕಣಿಕೆ ತಿಂದು ಎತ್ತುಗಳ ಪಕ್ಕೆಲುಬು ಕಾಣುತ್ತಿದ್ದವು. ಆ ಎಳೆಯ ಚಿಗುರಿನಲ್ಲಿ ನಂಜಿರುತ್ತದೆ, ಸೊಂಟದೆತ್ತರ ಬೆಳೆಯುವವರೆಗೆ ಅದನ್ನು ದನದ ಬಾಯಿಗೆ ತೋರಿಸಬಾರದು. ಇಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕೂತು ಕಲಿಸುವುದಿಲ್ಲ, ಬೈಸಿಕೊಂಡೇ ಕಲಿತಿರುತ್ತಾರೆ. ಜಲಜಳಿಗೆ ಬೈಯುವವರಿರಲಿಲ್ಲ. ಬೆಳಗ್ಗೆ ಅವಳೇ ಎರಡನ್ನೂ ಹೊಲಕ್ಕೆ ಬಿಟ್ಟಳು. ಅವು ಆಸೆಯಿಂದ ಮೇಯುವುದನ್ನು ಬದುವಿನ ಮೇಲೆ ಕೂತು ನೋಡಿದಳು. ಸ್ವಲ್ಪ ಹೊತ್ತಿನಲ್ಲೇ ಒಂದು ಎತ್ತು ಏದುಸಿರು ಬಿಡುತ್ತ ಮಂಡಿಯೂರಿತು. ಅದನ್ನು ಎಬ್ಬಿಸಲು ಓಡಿದಾಗ ಇನ್ನೊಂದೂ ಬಿದ್ದಿತು. ನೆರಳುಗಂಟೆ ಶುರುವಾಗುವ ಮೊದಲೇ ಎರಡೂ ಸತ್ತಿದ್ದವು.

ಜಲಜ ಬರೆದು ಕಳಿಸಿದ, ಉಪ್ಪಿನವರು ನನಗೆ ತಂದುಕೊಟ್ಟ ಮೊದಲ ಬಟ್ಟೆಯ ಚೂರಿನ ಮೇಲೆ ಹೀಗಿತ್ತು: ‘ಚಿಗುರು ತಿಂದು ಎತ್ತು ಎರಡೂ ಸತ್ತವು. ಬನ್ನಿ.’ ಓದಿದ ಕೂಡಲೇ ನನಗೆ ತಿಳಿಯಿತು. ನಾನು ಪಟ್ಟಿಯಿಂದ ಹೊಡೆದುಹಾಕಿದ ಪಾಠದ ಹೆಸರು ಕಣ್ಣ ಮುಂದೆ ಬಂತು. ಪರಪ್ಪನ ಬಳಿಗೆ ಹೋಗಿ, ನನ್ನನ್ನು ಇಪ್ಪತ್ತು ದಿನ ಅಲ್ಲಿಗೆ ಬಿಡಿ, ಒಂದು ಜೋಡಿ ಹೋರಿಯನ್ನೂ ಕೊಡಿ ಎಂದೆ.

ಅವನು ತಲೆಯೆತ್ತದೆ ಹೇಳಿದ: “ನಿಂಬೆವ್ವಾರ, ಹೊರಗ ನೋಡ್ರಿ. ನಾಕನೂರು ಮಂದಿ ಬಾಗಲದಾಗ ಕುಂತಾರ. ನಿಮ್ಮನ್ನ ಕಳಿಸಿದ್ರ ಇವರಿಗ್ಯಾರು ಕಲಸವ್ರು? ಹೋರಿ ಎಲ್ಲಿಂದ ತರ್ಲಿ? ಅವರು ಒಂದ್ ಬೆಳಿ ತೆಗೆದಾರ, ಹೆಂಗೋ ಸಂಭಾಳಿಸ್ತಾರ.”

ನಾನು ಹೊರಬಂದೆ. ಉಪ್ಪಿನವರು ಕಾಯುತ್ತಿದ್ದರು. ಅವರಿಗೆ, “ಬರ್ತಾಳ ಅಂತ ಹೇಳ್ರಿ,” ಎಂದೆ. ಬರಲಾಗುವುದಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ, ನಾಚಿಕೆಯಾಯಿತು. ಈ ಪತ್ರದಲ್ಲಿ ನಾನು ಹೇಳಬೇಕಾದ ತಪ್ಪು ಅದೊಂದೇ. ಮುಂದಿನದೆಲ್ಲ ಆ ಮಾತಿನಿಂದ ಆದದ್ದು.

ಎರಡನೆಯ ಚೂರು ಒಂದು ತಿಂಗಳ ಮೇಲೆ ಬಂತು: ‘ಐದು ಮನೆಯವರು ಹೋದರು. ನಾವು ಇದ್ದೇವೆ. ಮಳೆಗೆ ಮುಂಚೆ ಹರಗಬೇಕಲ್ಲ, ಕುಂಟೆಯನ್ನು ನಾವೇ ಎಳೆಯುತ್ತೇವೆ. ನೊಗ ಹೆಗಲಿಗೆ ಹೇಗೆ ಕಟ್ಟಬೇಕು?’ ಹೆಗಲಿಗೆ ನೊಗ ಕಟ್ಟುವ ಪಾಠ ನಮ್ಮ ಯಾವ ತಿಂಗಳಿನಲ್ಲೂ ಇರಲಿಲ್ಲ. ಮಣ್ಣು ಕೆದಕಿ ಹಸನು ಮಾಡುವ ಕುಂಟೆ ಎಳೆಯುವುದು ಒಂದು ಜೋಡಿ ಎತ್ತಿನ ಕೆಲಸ. ಇಬ್ಬರು ಮನುಷ್ಯರು ಬೆಳಗಿನ ಮೂರು ತಾಸು ಎಳೆದರೆ ಹತ್ತು ಸಾಲೂ ಮುಗಿಯದು. ಮತ್ತೆ ಹೇಳಿಕಳಿಸಿದೆ, ಬರ್ತೀನಿ, ಈ ತಂಡ ಮುಗಿಯಲಿ ಎಂದು. ಮೂರನೆಯ ಚೂರಿನಲ್ಲಿ ಎರಡೇ ಶಬ್ದಗಳಿದ್ದವು: ‘ಕುಶಲ ಇಲ್ಲ.’

ಅವತ್ತು ನಾನು ಯಾರನ್ನೂ ಕೇಳಲಿಲ್ಲ. ಪಾಠಕ್ಕೆ ಬಳಸುತ್ತಿದ್ದ ಶಿಬಿರದ ಮುದಿ ಎತ್ತನ್ನು ಬಿಚ್ಚಿಕೊಂಡು ಸಂಜೆಯ ಹೊತ್ತಿಗೆ ಹೊರಟೆ. ಎತ್ತು ನಿಧಾನ, ದಾರಿಗೆ ಆರು ದಿನ ಹಿಡಿಯಿತು. ಮೇಲಣ ದಂಡೆಯಲ್ಲಿ ಐದು ಗುಡಿಸಲು ಬಾಗಿಲು ತೆಗೆದುಕೊಂಡು ಬಿದ್ದಿದ್ದವು. ಆರನೆಯದರಲ್ಲಿ ಒಬ್ಬ ಮುದುಕಿ ಮಲಗಿದ್ದಳು, ಎದ್ದು ನಡೆಯಲಾರಳು. ಜಲಜ ಹೊಲದಲ್ಲಿದ್ದಳು. ಕೈಗುದ್ದಲಿಯಿಂದ ಒಂದೊಂದೇ ಮಣ್ಣಿನ ಹೆಂಟೆ ಒಡೆಯುತ್ತಿದ್ದಳು. ಎರಡೂ ಹೆಗಲ ಮೇಲೆ ಹಗ್ಗ ಕೊರೆದ ಗಾಯ ಒಣಗಿ ಕಪ್ಪಾಗಿತ್ತು. ನನ್ನನ್ನು ನೋಡಿದಳು, ಎತ್ತನ್ನು ನೋಡಿದಳು, ಮತ್ತೆ ಹೆಂಟೆಗೆ ಏಟು ಹಾಕಿದಳು. ಕುಶಲ ಸತ್ತದ್ದು ನೆರಳುಗಂಟೆಯಲ್ಲಿ. ಇನ್ನು ನಾಲ್ಕೇ ಸಾಲು, ಅಕ್ಕ ಬಂದಾಗ ಹೊಲ ಹಸನಾಗಿರಬೇಕು ಎಂದು ಬಿಸಿಲೇರಿದರೂ ಎಳೆದನಂತೆ. ಎಳೆಯುತ್ತಲೇ ಕುಸಿದು ಬಿದ್ದಿದ್ದ.

ನಾನು ಅವಳ ಮುಂದೆ ಕೂತು, “ತಪ್ಪಾತು ತಂಗಿ. ಬರಾಕ ಬಿಡ್ಲಿಲ್ಲ,” ಎಂದೆ.

ಅವಳು ಅಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

“ಬಪ್ಪುಕೆ ಆತಿಲ್ಲ ಅಂದೇ ಹೇಳಿದ್ರೆ ಆಯ್ತಿತ್ತಲ್ದಾ ಅಕ್ಕಾ? ಅವ್ರೆಲ್ಲ ಹೋಪತಿಗೆ ನಾವೂ ಹೋಯ್ತಿದ್ದೊ. ಇವ್ರ್ ಗಂಟ್ ಕಟ್ಟಿದ್ದಿದ್ರ್. ನಾನೇ ಬಿಚ್ಚಿಸ್ದೆ. ಅಕ್ಕ ಬತ್ತೆ ಅಂದಿದ್ರ್, ಬಪ್ಪವರಿಗೂ ಕಾಂಬ ಅಂದೆ.”

ಸಂಜೆ ತಂಪಾದಾಗ ಎದ್ದು ಮುದಿ ಎತ್ತಿಗೆ ಕುಂಟೆ ಹೂಡಿದೆ. ಅವಳು ಬಂದು ಇನ್ನೊಂದು ಬದಿಯ ಹಗ್ಗ ಹಿಡಿದಳು. ಹೀಗೆ ಆ ವರ್ಷದ ಕೆಲಸ ಶುರುವಾಯಿತು. ಮೊದಲ ಎರಡು ತಿಂಗಳು ಅವಳು ನನ್ನೊಡನೆ ಹೊಲದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಎರಡನೆಯ ಬೆಳೆ ಮೂರು ಹೊಟ್ಟೆಗೆ ಅರ್ಧ ವರ್ಷಕ್ಕಾಗುವಷ್ಟು ಬಂತು. ಉಳಿದರ್ಧ ವರ್ಷ ಸೊಪ್ಪು, ಗೆಡ್ಡೆ. ಮುದುಕಿ ಆ ಬೇಸಿಗೆಯನ್ನು ದಾಟಲಿಲ್ಲ. ನಾನು ಮೂರನೆಯ ಬೆಳೆಯವರೆಗೂ ಅಲ್ಲೇ ಇದ್ದೆ. ಮೇವಿನ ನಂಜು, ಎತ್ತಿನ ಗೊರಸು, ಬೂದಿ ಬೆರೆಸಿ ಕಾಳು ಕಾಯುವ ಬಗೆ, ಬಿಟ್ಟ ಪಾಠವನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟೆ. ಅವಳು ಎಲ್ಲವನ್ನೂ ಕಲಿತಳು. ಒಂದನ್ನೂ ಎರಡು ಸಲ ಕೇಳಲಿಲ್ಲ. ನಾನು ಶಿಬಿರಕ್ಕೆ ಮರಳುವ ದಿನ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು. ಮತ್ತೆ ಬನ್ನಿ ಎನ್ನಲಿಲ್ಲ.

ಈಗ ಅವಳ ಸುತ್ತ ಹನ್ನೊಂದು ಹೊಸ ಮನೆಗಳಿವೆ. ಯಾರೂ ನೇಮಿಸದಿದ್ದರೂ ಆ ದಂಡೆಗೆ ಅವಳೇ ಜತೆಗಾರ್ತಿ. ಹೊಸಬರ ಹೊಲಕ್ಕೆ ದಿನವೂ ಬೆಳಗ್ಗೆ ಹೋಗುತ್ತಾಳಂತೆ, ಬರುತ್ತೇನೆಂದು ಮಾತ್ರ ಯಾರಿಗೂ ಮುಂಚಿತವಾಗಿ ಹೇಳುವುದಿಲ್ಲವಂತೆ. ಪರಪ್ಪ ತೀರಿಕೊಂಡ. ಪಾಠ ಇನ್ನೂ ತೊಂಬತ್ತೇ ದಿನ, ಯಾಕೆಂದರೆ ಬಾಗಿಲಲ್ಲಿ ಕೂತವರು ಕಡಿಮೆಯಾಗಿಲ್ಲ. ಹೊಲಗಳಿಗೆ ಮತ್ತೆ ಕಳಿಸತೊಡಗಿದ ಜತೆಗಾರರು ಇಡೀ ಶಿಬಿರಕ್ಕೆ ನಾಲ್ವರು. ನಾನು ರುಜು ಹಾಕಿದ ಕೈಚೀಟಿ ಹಿಡಿದು ಹೋದವರು ಇನ್ನೂರ ಹನ್ನೆರಡು ಮನೆಯವರು. ಕಳೆದ ಮೂರು ವರ್ಷದಲ್ಲಿ ಅಷ್ಟೂ ಮನೆಗಳಿಗೆ ನಡೆದು ಹೋಗಿ ಬಂದಿದ್ದೇನೆ. ಅರವತ್ತೊಂದರಲ್ಲಿ ಯಾರೂ ಇರಲಿಲ್ಲ. ಎಲ್ಲಿಗೆ ಹೋದರೆಂದು ಹೇಳಲು ನೆರೆಯವರೂ ಇರಲಿಲ್ಲ.

ನಿಮ್ಮ ಮೇಲೆ ತೀರ್ಪು ಕೊಡಲು ನಾನು ಬರೆದಿಲ್ಲ. ನಿಮಗೆ ಇನ್ನೂ ರಸ್ತೆಗಳಿವೆ, ಬಸ್ಸುಗಳಿವೆ, ನಾಲ್ಕು ದಿನದ ದಾರಿಯನ್ನು ಒಂದು ಬೆಳಗಿನಲ್ಲಿ ಮುಗಿಸಬಲ್ಲಿರಿ. ಮಣ್ಣಿಗೆ ಹೊಸದಾಗಿ ಕೈಯಿಟ್ಟ ಒಬ್ಬರಿಗೆ ನೀವು ಏನನ್ನಾದರೂ ಕಲಿಸಿ ಕಳಿಸಿದ್ದರೆ, ಅವರ ಮೊದಲ ಬೆಳೆ ಚೆನ್ನಾಗಿ ಬಂತೆಂದು ಕೇಳಿ ಸಂತೋಷಪಟ್ಟು ಸುಮ್ಮನಾಗಿದ್ದರೆ, ಈಗ ಅವರ ಹೆಸರು ನೆನಪು ಮಾಡಿಕೊಳ್ಳಿ. ಹೋಗಲಾಗದಿದ್ದರೆ ಹೋಗಲಾಗದು ಎಂದು ಇವತ್ತೇ ತಿಳಿಸಿಬಿಡಿ, ಅವರು ಬೇರೆ ದಾರಿ ನೋಡಿಕೊಳ್ಳಲಿ. ಹೋಗಲಾಗುವುದಾದರೆ ಈ ಪತ್ರವನ್ನು ಇಲ್ಲಿಗೇ ಬಿಟ್ಟು ಹೊರಡಿ.

ನಿಂಬೆವ್ವ ಕಮತಗಿ