ಜಗಲಿಯ ಮೇಲಿದ್ದ ಬೇರಿಂಗ್

ತುಕ್ಕಾನಟ್ಟಿ, ೧೯೪೬

ಸೆಪ್ಟೆಂಬರ್ ೧೨
ಬೆಳಗ್ಗೆ ಮತ್ತೆ ಅದೇ ಕೆಲಸ. ಇಂಜಿನ್ನಿನ ಹಳೆ ಬೇರಿಂಗನ್ನು ಚಿಮಣಿ ಎಣ್ಣೆಯಲ್ಲಿ ತೊಳೆದೆ, ಒರೆಸಿದೆ, ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಸದ್ದು ಕೆಟ್ಟದ್ದೇನಲ್ಲ. ಹಿಡಿದು ಅಲುಗಿಸಿದರೆ ಮಾತ್ರ ಅಲುಗುತ್ತದೆ — ಕೂದಲೆಳೆಯಷ್ಟು. ಕಬ್ಬಿನ ಗಾಣದ ಇಂಜಿನ್ ಆಗಿದ್ದರೆ ಹಾಕಿ ಮುಚ್ಚಿಬಿಡುತ್ತಿದ್ದೆ. ಇದು ಫಟಫಟಿ, ಮೋಟಾರ್ ಸೈಕಲ್ಲು. ಮಿಲಿಟರಿಯವರು ಲಿಲಾವಿನಲ್ಲಿ ಹರಾಜು ಕೂಗಿ ಮಾರಿದ್ದು. ಅಳಿಯ ಲಗಮಣ್ಣನನ್ನು ಹೊತ್ತು ಗಾಡಿದಾರಿಯಲ್ಲಿ ಹಾರಬೇಕು.

ಹುಕ್ಕೇರಿ, ಗೋಕಾಕ — ಎರಡೂ ಡೇರೆ ಸಿನೇಮಾಕ್ಕೆ ಒಂದೇ ಚಿತ್ರ ತರಿಸುತ್ತಾರಂತೆ. ಒಂದು ಕಡೆ ಮುಗಿದ ರೀಲು ಇನ್ನೊಂದು ಕಡೆ ಮುಟ್ಟಿಸುವ ಕೆಲಸ ಇವನದು. ದಸರೆಯ ಬನ್ನಿ ಹಬ್ಬದಿಂದ ಶುರು. ತಂಗಿ ಪಾರವ್ವನಿಗೆ ಇರುವ ಮಗ ಅವನೊಬ್ಬ. ಹಳೆಯದು ಬೇಡ. ಹೊಸ ಬೇರಿಂಗಿಗೆ ಮುಂಬಯಿಗೆ ಬರೆದಿದ್ದೇನೆ... ಬರಲಿ.

ಸೆಪ್ಟೆಂಬರ್ ೨೬
ಬಂತು! ಕೊಟ್ಟ ವಿಳಾಸದಂತೆ ಹುಕ್ಕೇರಿಗೆ, ಪಾರವ್ವನ ಮನೆಗೆ. ಇವತ್ತು ನವರಾತ್ರಿಯ ಘಟ ಹಾಕುವ ದಿನ. ಅದನ್ನು ದೇವರ ಜಗಲಿಯ ಮೇಲಿಟ್ಟಿದ್ದಾಳಂತೆ, ಖಂಡೇನವಮಿಯ ಆಯುಧಪೂಜೆ ಆದ ಮೇಲೇ ಕಳಿಸುತ್ತಾಳಂತೆ. ಇರಲಿ. ಮೇಣದ ಕಾಗದದೊಳಗೆ ಭದ್ರವಾಗಿರುತ್ತದೆ.

ಅಕ್ಟೋಬರ್ ೪, ಖಂಡೇನವಮಿ
ಲಗಮಣ್ಣ ಬೇರಿಂಗ್ ತಂದ. ಕಾಗದವಿಲ್ಲ. ಗ್ರೀಸೂ ಇಲ್ಲ. ಜಿಡ್ಡು ಹತ್ತಿದೆ ಎಂದು ಪಾರವ್ವ ಸೀಗೆಪುಡಿ ಹಾಕಿ ತಿಕ್ಕಿದ್ದಾಳೆ. ದಿನಾ ಹಾಲು, ನೀರು, ಮೂರು ಬೆರಳಿನ ವಿಭೂತಿ, ಮೇಲೊಂದು ಹೂವು. ಮಗನನ್ನು ಹೊರುವ ಸಾಮಾನಲ್ಲವೇ.

ಚಿಮಣಿ ಎಣ್ಣೆಯಲ್ಲಿ ತೊಳೆದು ತಿರುಗಿಸಿದೆ. ಒಳಗೆ ಮರಳು ಮಾತಾಡಿದ ಹಾಗೆ. ಗುಂಡು ಓಡುವ ದಾರಿಯಲ್ಲಿ ತುಕ್ಕಿನ ಚುಕ್ಕೆ. ಉಗುರಿನಿಂದ ಕೆರೆದರೂ ಬಿಡಲಿಲ್ಲ, ತಗ್ಗು ಬಿದ್ದಿದೆ. ಹೊರಗಿನಿಂದ ಮಾತ್ರ ಥಳಥಳ.

ಲಗಮಣ್ಣ ಅದನ್ನು ಇಸಿದುಕೊಂಡು ತಾನೂ ಒಮ್ಮೆ ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ನಮ್ಮವ್ವಗ ಹೇಳಬ್ಯಾಡ್ರಿ ಮಾವಾ. ಮೊದಲೇ ಮಂದಿ ಆಕಿ ಕೈಗುಣ ಛಲೋ ಇಲ್ಲ ಅಂತಾರ."

ಅಂತಾರೆ. ಗಂಡ ಸತ್ತಂದಿನಿಂದ ಅಂದುಕೊಂಡೇ ಬಂದಿದ್ದಾರೆ. ಬಿತ್ತುವ ದಿನ ಬೀಜ ಮುಟ್ಟಗೊಡುವುದಿಲ್ಲ, ಕರು ಹಾಕಿದ ಎಮ್ಮೆಯ ಹತ್ತಿರ ಬಿಡುವುದಿಲ್ಲ. ಆ ಮಾತಿಗೆ ಎಷ್ಟು ಮನೆಯ ಕಟ್ಟೆಯ ಮೇಲೆ ನಾನು ಜಗಳ ಮಾಡಿಲ್ಲ!

ಇನ್ನೊಂದು ತರಿಸುವವರೆಗೆ ಸಿನೇಮಾದವರು ಕಾಯುವುದಿಲ್ಲ. ಹಳೆಯದು ಸವೆದದ್ದು, ಹೊಸದು ಕೆಟ್ಟದ್ದು. ಯಾವುದು? ಲಗಮಣ್ಣ ನಕ್ಕ: "ಹಳೇದ ಹಾಕ್ರಿ. ಯುದ್ಧ ಮಾಡಿ ಬಂದೈತಿ, ನನ್ನ ಜೋಡಿ ಗೋಕಾಕಕ್ಕ ಬರೂದಿಲ್ಲೇನು?"

ಹಳೆಯದನ್ನೇ ಹಾಕಿದೆ. ಸಾವಕಾಶ ಓಡಿಸು ಎಂದೆ. ರೀಲು ತಡವಾದರೆ ಡೇರೆಯಲ್ಲಿ ಮಂದಿ ಸೀಟಿ ಹೊಡೆಯುತ್ತಾರೆ ಮಾವಾ, ಅಂದ.

ಅಕ್ಟೋಬರ್ ೫
ಪಾರವ್ವ ಬನ್ನಿ ಕೊಡಲು ಬಂದಳು. ಫಟಫಟಿಯ ಹೊಟ್ಟೆ ಸವರಿ ಕೇಳಿದಳು: "ನಾ ಪೂಜಿ ಮಾಡಿದ್ದ ಒಳಗೈತೆಲ್ಲೊ ಅಣ್ಣಾ?"

"ಐತಿ" ಎಂದೆ.

ಅವಳ ಮುಖ ಅಷ್ಟು ಹಿಗ್ಗಿದ್ದನ್ನು ಮದುವೆಯಲ್ಲಿ ನೋಡಿದ್ದೆ. ಆಮೇಲೆ ಇವತ್ತೇ.

ಅಕ್ಟೋಬರ್ ೧೯
ಹೊಳೆ ದಾಟಿ ಇಳಿಜಾರಿನಲ್ಲಿ ಇಂಜಿನ್ ಹಿಡಿದುಕೊಂಡಿತಂತೆ. ಹಿಂದಿನ ಗಾಲಿ ಬಿಗಿದು ನಿಂತು, ಗಾಡಿ, ರೀಲಿನ ಪೆಟ್ಟಿಗೆ ಎಲ್ಲಾ ಲಗಮಣ್ಣನ ಕಾಲಿನ ಮೇಲೆ. ಮಿರಜದ ಆಸ್ಪತ್ರೆಗೆ ಒಯ್ದರು. ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಬರೆಯಲಾಗುವುದಿಲ್ಲ.

ಅಕ್ಟೋಬರ್ ೨೯
ಫಟಫಟಿ ಎತ್ತಿನ ಚಕ್ಕಡಿಯಲ್ಲಿ ಬಂತು. ಬಿಚ್ಚಿದೆ. ಕೈಕೊಟ್ಟದ್ದು ಹಳೆ ಬೇರಿಂಗೇ. ಗುಂಡು ಒಡೆದು ಎಣ್ಣೆಯಲ್ಲಿ ಬಿದ್ದಿದ್ದವು.

ಹಿಂದಿನಿಂದ ಪಾರವ್ವ ಬಂದದ್ದು ಗೊತ್ತಾಗಲಿಲ್ಲ. ಹಲಗೆಯ ಮೇಲೆ ಹೊಸದು ಇತ್ತು, ಅಂಚಿನಲ್ಲಿ ವಿಭೂತಿ ಉಳಿದಿತ್ತು. ಎತ್ತಿಕೊಂಡಳು.

"ಇದನ್ನ ಹಾಕಿರಲಿಲ್ಲೇನು?"

"ಇಲ್ಲ."

"ಯಾಕ?"

"ಹಳೇದ ಸಾಕನಿಸ್ತು."

"ನಿನ್ನ ಮಗ ಆಗಿದ್ರ ಸಾಕನಿಸ್ತಿತ್ತೇನೋ ಅಣ್ಣಾ?"

ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಬೇರಿಂಗನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಫಟಫಟಿಯನ್ನು ಬಿಚ್ಚಿದ ಹಾಗೆಯೇ ಚಕ್ಕಡಿಗೆ ಹೇರಿಸಿದಳು. ನೀರು ಕುಡಿಯದೆ ಹೋದಳು.

ನವೆಂಬರ್ ೧೪
ಗಾಣ ಶುರುವಾಗುವ ಹೊತ್ತು. ಕುಲಗೋಡ ಊರಿನವರು ಈ ಸಲ ಗಾಣದ ಇಂಜಿನ್ ನನಗೆ ತೋರಿಸದೆ ಗೋಕಾಕಕ್ಕೆ ಒಯ್ದರು. ತಂಗಿಯ ಮಗನ ಕಾಲು ತಿಂದವ ಅಂತಾರಂತೆ. ಹೆಂಡತಿ ಬಾಳವ್ವ ಎಲ್ಲಾ ಬಲ್ಲಳು. ಒಂದು ಮಾತು ಹೇಳಿಬಿಡಿ, ಯಾಕೆ ಹೊತ್ತುಕೊಂಡು ಕೂತಿದ್ದೀರಿ ಎಂದು ದಿನಾ ಗಂಟುಬೀಳುತ್ತಾಳೆ. ಮಿರಜದಿಂದ ಲಗಮಣ್ಣ ಹೇಳಿಕಳಿಸಿದ, ಅವ್ವನಿಗೆ ತಾನೇ ಹೇಳುತ್ತಾನಂತೆ. ಬೇಡ ಎಂದು ಬರೆದೆ. ಮಗನ ಕಾಲು ತನ್ನ ಕೈಯಿಂದ ಹೋಯಿತೆಂದು ತಿಳಿದು ಅವಳು ಹೇಗೆ ಬದುಕಬೇಕು?

ಈಗ ಪಾರವ್ವನ ಕೈಗುಣದ ಮಾತು ಯಾರ ಬಾಯಲ್ಲೂ ಇಲ್ಲ. ನನ್ನ ಕೈಯ ಮಾತು. ಆಡುವವರಿಗೆ ಯಾರದಾದರೂ ಒಂದು ಕೈ ಬೇಕು. ನನ್ನದೇ ಇರಲಿ.

ನವೆಂಬರ್ ೨೪, ಮುಂಜಾನೆ
ಬಾಳವ್ವ ನಿನ್ನೆ ಸಂತೆಯಿಂದ ಸುದ್ದಿ ತಂದಳು. ಪಾರವ್ವ ಫಟಫಟಿಯನ್ನು ತನ್ನ ಓಣಿಯ ಉದ್ದಪ್ಪನಿಗೆ ಕೊಟ್ಟಿದ್ದಾಳೆ. ರೀಲಿನ ಕೆಲಸವೂ ಇನ್ನು ಅವನದೇ. ಇಂಜಿನ್ ಕೂಡಿಸಲು ಯಾರೋ ಮಿಸ್ತ್ರಿ ಬಂದಿದ್ದಾನೆ. ಅಣ್ಣ ಹಾಕದೆ ಬಿಟ್ಟ ದೇವರ ಬೇರಿಂಗನ್ನೇ ಹಾಕಿಸುತ್ತೇನೆ ಎಂದು ಎದುರಿಗೇ ಕೂತಿದ್ದಾಳಂತೆ. ಹೊರಗಿನಿಂದ ಥಳಥಳ. ಮಿಸ್ತ್ರಿಯಾದರೂ ತಿರುಗಿಸಿ ನೋಡಿಯಾನೇ?

ಉದ್ದಪ್ಪನ ಎರಡನೆಯ ಕೂಸು ಇನ್ನೂ ತೊಟ್ಟಿಲಲ್ಲಿದೆ.

ಎತ್ತು ಹೂಡಲು ಹೇಳಿದ್ದೇನೆ. ಹುಕ್ಕೇರಿ ಮುಟ್ಟುವವರೆಗೆ ಮಾತು ಹೊಂದಿಸಿಕೊಳ್ಳಬೇಕು. ಮೊದಲು ಉದ್ದಪ್ಪನಿಗೆ ಹೇಳಲೇ? ಬೇಡ, ಓಣಿಯ ಬಾಯಿಂದ ಅವಳು ಕೇಳಬಾರದು. ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಕೈ ಹಿಡಿದುಕೊಂಡು... ಪಾರವ್ವಾ, ಆ ದಿನ ನೀನು ಸೀಗೆಪುಡಿ ಹಾಕಿ...