ಗೋಡೆಗೆ ಹೇಳಿದ ಮಾತು

ಮನ್ಮನೆ
ನವೆಂಬರ್ ೨೦೦೪

ಇಸಳೂರಿನಲ್ಲಿರುವ ಅಪ್ಪಯ್ಯನಿಗೆ, ಮನ್ಮನೆಯಿಂದ ನಿನ್ನ ಕೂಸಿನ ನಮಸ್ಕಾರ.

ಇವತ್ತು ಬೆಳಿಗ್ಗೆ ಸೊಸೈಟಿಯ ಗೋಡೆಗೆ ನಾನು ಅಂಟಿಸಿದ್ದ ಕಾಗದವನ್ನು ಯಾರದೋ ಕರು ನೆಕ್ಕುತ್ತಿತ್ತು. ಗಂಜಿಯಲ್ಲಿ ಅಂಟಿಸಿದ್ದೆ, ರುಚಿ ಹತ್ತಿರಬೇಕು. ‘ಭಾನುವಾರ ಹಳ್ಳದ ನೀರು ನಿಲ್ಲಿಸಲು ಬಾಂದಾರಕ್ಕೆ ಹಲಗೆ ಹಾಕುವುದಿದೆ, ಎಲ್ಲರೂ ಬರಬೇಕು’ ಎಂದು ದುಂಡಗೆ ಬರೆದಿದ್ದೆ. ಅದರಲ್ಲಿ ‘ಎಲ್ಲರೂ’ ಮಾತ್ರ ಉಳಿದಿತ್ತು.

ಆ ಭಾನುವಾರ ಕಳೆದುಹೋಯಿತು, ಯಾರೂ ಬರಲಿಲ್ಲ. ಹಳ್ಳದ ದಂಡೆಯಲ್ಲಿ ಹಲಗೆಯ ರಾಶಿಯ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದು ಎದ್ದು ಬಂದೆ. ನೀನು ಗುರುತು ಇಟ್ಟುಕೊಂಡಿದ್ದ ನಡುಹಳ್ಳದ ಕಲ್ಲಿನ ಬೆನ್ನು ಆಗಲೇ ಒಣಗಿದೆ. ಇನ್ನೂ ತಡವಾದರೆ ಹರಿವು ಸೊರಗಿ, ಹಲಗೆ ಇಳಿಸಿದರೂ ತಡೆಯಲು ನೀರಿರುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಕೆಳಕೇರಿಯ ಬಾವಿಗಳ ತಳ ಕಾಣುತ್ತದೆ.

ನಿನಗೆ ಲಕ್ವ ಹೊಡೆದು ಮಾತು ನಿಂತ ಮೇಲೆ, ನೀನೂ ಆಯಿಯೂ ಅಕ್ಕನ ಮನೆ ಸೇರಿದ ಮೇಲೆ, ಆಕಳು ನೋಡಿಕೊಳ್ಳುವ ನೆಪದಲ್ಲಿ ನಾನಿಲ್ಲಿ ಒಬ್ಬಳೇ ಇದ್ದೇನೆ. ಫೋನ್ ಮಾಡಿದರೆ ಆಯಿ ರಿಸೀವರನ್ನು ನಿನ್ನ ಕಿವಿಗೆ ಇಡುತ್ತಾಳೆ. ನಿನ್ನ ಉಸಿರು ಕೇಳುತ್ತದೆ. ನಾನೂ ಸ್ವಲ್ಪ ಹೊತ್ತು ಉಸಿರಾಡಿ ಇಟ್ಟುಬಿಡುತ್ತೇನೆ.

ನೀನು ಸಿದ್ದಾಪುರದಲ್ಲಿ ಎಂಜಿನಿಯರ್ ಆಗಿದ್ದಾಗ ಹಳ್ಳಕ್ಕೆ ಅಡ್ಡಲಾಗಿ ಈ ಬಾಂದಾರ ಕಟ್ಟಿಸಿದ ವರ್ಷ ನನಗೆ ಹತ್ತು ತುಂಬಿತ್ತು. ನೀನೂ ಆಗ ಇದೇ ಗೋಡೆಗೆ ನೋಟೀಸು ಅಂಟಿಸಿದ್ದೆ, ಸಹಿ, ಸೀಲು ಎಲ್ಲ ಹಾಕಿ. ಯಾರೂ ಬರಲಿಲ್ಲ. ಗದ್ದೆಯಂಚಿನಲ್ಲಿ ಎಮ್ಮೆ ಕಟ್ಟುತ್ತಿದ್ದ ತಿಮ್ಮನನ್ನು ನೀನು ಯಾಕೆಂದು ಕೇಳಿದೆ. “ನೀವು ಗೋಡೆಗೆ ಹೇಳೀರಿ ಸಾಹೇಬ್ರೇ. ಗೋಡೆನೇ ಬಂದು ಹಲಗೆ ಹಾಕ್ತದೆ ಬಿಡಿ” ಎಂದ ಅವನು, ಎಮ್ಮೆಯ ಮುಖದಿಂದ ಕಣ್ಣು ತೆಗೆಯದೆ.

ನೀನು ಸಿಟ್ಟಾಗಲಿಲ್ಲ. ಮರುದಿನ ಮದುವೆಗೆ ಕರೆಯುವವರ ಹಾಗೆ ಮನೆಮನೆಗೆ ಹೇಳಿಕೆಗೆ ಹೊರಟೆ, ನನ್ನನ್ನೂ ಕರೆದುಕೊಂಡು. ಕೆಳಕೇರಿಯಲ್ಲಿ ಹೊನ್ನಿ ಅಂಗಳ ಗುಡಿಸುವುದನ್ನು ನಿಲ್ಲಿಸಿ, “ಯಾರ ಮದ್ವೆ ಸಾಹೇಬ್ರೇ?” ಎಂದಳು. “ಹಳ್ಳದ್ದು. ಹುಡುಗಿ ಓಡಿಹೋಗೋದ್ರೊಳಗೆ ಹಿಡಿದು ನಿಲ್ಲಿಸ್ಬೇಕು” ಎಂದೆ ನೀನು. ಅವಳು ಪೊರಕೆ ಊರಿಕೊಂಡು ನಕ್ಕಳು. ನಾನು ನಿನ್ನ ಬೆನ್ನ ಹಿಂದೆ ಅಡಗಿದ್ದೆ. ದಾರಿಯಲ್ಲಿ ನೀನು ನನಗೆ ಹೇಳಿದೆ: “ಹೇಳಿಕೆ ಅಂದ್ರೆ ಸುದ್ದಿ ಅಲ್ಲ ಕೂಸೆ. ಅವರ ಮೆಟ್ಟಿಲು ನಾವು ಹತ್ಬೇಕು, ನಮ್ಮ ಬಾಯಲ್ಲೇ ಹೇಳ್ಬೇಕು.” ಆ ವಾರ ಊರೇ ಹಳ್ಳಕ್ಕಿಳಿಯಿತು.

ಯಲ್ಲಾಪುರಕ್ಕೆ ವರ್ಗವಾದ ಮೇಲೂ ನೀನು ಹಲಗೆ ಹಾಕುವ ಹೊತ್ತಿಗೆ ರಜೆ ಹಾಕಿ ಬರುತ್ತಿದ್ದೆ. ಜೊತೆಯವರು ದೊಡ್ಡ ದೊಡ್ಡ ಅಣೆಕಟ್ಟಿನ ಕೆಲಸಕ್ಕೆ ಹೋದರು, ನಿನ್ನನ್ನು ‘ಹಲಗೆ ಎಂಜಿನಿಯರ್’ ಎಂದು ಆಡಿಕೊಂಡರು. ನೀನು ಅದನ್ನು ಆಯಿಯ ಮುಂದೆ ಬಿರುದು ಸಿಕ್ಕವರ ಹಾಗೆ ಹೇಳುತ್ತಿದ್ದೆ. ಆದರೆ ಹೇಳಿದ ಮೇಲೆ ಜಗುಲಿಗೆ ಹೋಗಿ ಒಬ್ಬನೇ ಕೂರುತ್ತಿದ್ದೆ. ನಾನು ನೋಡಿದ್ದೇನೆ. ಬಂದು ಪಕ್ಕದಲ್ಲಿ ಕೂರಬೇಕು ಅನ್ನಿಸುತ್ತಿತ್ತು, ಕೂರಲಿಲ್ಲ.

ಸಾಹಿತ್ಯ ಓದಿ ಬಿ.ಎ. ಮುಗಿಸಿದ್ದೇನೆ. ಇನ್ನೊಬ್ಬರ ಅಂಗಳದಲ್ಲಿ ನಿಂತು ಒಂದು ವಾಕ್ಯ ಆಡಬೇಕೆಂದರೆ ಬೇಲಿಯಿಂದಲೇ ತಿರುಗಿ ಬರುತ್ತೇನೆ. ಅದಕ್ಕೇ, ನಿನ್ನ ಮಾತು ನೆನಪಿದ್ದೂ, ಗೋಡೆಗೇ ಹೇಳಿದೆ.

ಈ ಕಾಗದವನ್ನು ಅಂಚೆಗೆ ಹಾಕಬೇಕೆಂದಿದ್ದೆ. ಬರೆಯುತ್ತ ಬರೆಯುತ್ತ ಇದೂ ಗೋಡೆಯೇ ಅನ್ನಿಸಿತು. ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಬಂದು, ಅಕ್ಕನ ಮನೆಯ ಮೆಟ್ಟಿಲು ಹತ್ತಿ, ಈ ವರ್ಷದ ಮೊದಲ ಹೇಳಿಕೆಯನ್ನು ನಿನಗೇ ಹೇಳುತ್ತೇನೆ, ನನ್ನ ಬಾಯಲ್ಲೇ. ನೀನು ತಲೆಯಾಡಿಸಿದರೆ ಸಾಕು. ಸಂಜೆ ತಿರುಗಿ ಬಂದು ತಿಮ್ಮನ ಮನೆಯಿಂದ ಶುರು ಮಾಡುತ್ತೇನೆ.

ಹಳ್ಳದ ನೀರು ನಿಲ್ಲಲಿ, ನಿನ್ನ ಮಾತು ಹರಿಯಲಿ.

ನಿನ್ನ ಕೂಸು,
ಪರಿಮಳಾ